ಉಣಬಡಿಸುವವರ ಹೊಣೆ: ಹೋಟೆಲು ವ್ಯವಸ್ಥಾಪಕರಿಗೂ ಕಾರ್ಮಿಕರಿಗೂ ಬೇಕಾದ ಆಹಾರ ಸುರಕ್ಷತಾ ಪ್ರಮಾಣಪತ್ರಗಳು

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬುದು ಹಿರಿಯರ ಅನುಭವದಿಂದ ಮೂಡಿಬಂದ ಮಾತು. ಮನೆಯಲ್ಲಿ ಉಣ್ಣುವವನಿಗೆ ಅಕ್ಕಿ ಎಲ್ಲಿಯದು, ನೀರು ಯಾವ ಕೊಡದ್ದು, ಸಾರು ಯಾವ ಹೊತ್ತಿನದು ಎಂಬುದೆಲ್ಲ ತಿಳಿದಿರುತ್ತದೆ. ಬೇಕಾದುದನ್ನು ಉಂಡು ಬೇಡವಾದುದನ್ನು ಬಿಡಲು ಆತನು ಸ್ವತಂತ್ರ. ಹೋಟೆಲಿನ ಮೇಜಿನ ಮುಂದೆ ಕುಳಿತವನಿಗೆ ಈ ಅನುಕೂಲವಿಲ್ಲ. ಅಡುಗೆಮನೆ ಅವನ ಕಣ್ಣಿಗೆ ಬೀಳುವುದಿಲ್ಲ. ಚಟ್ನಿ ರುಬ್ಬಿದ ಕೈ ಯಾವುದೆಂದು ಅವನಿಗೆ ತಿಳಿಯದು. ಆದುದರಿಂದ ಅವನ ಪರವಾಗಿ ಊಟವನ್ನು ಬಲ್ಲವರು ಬೇರೊಬ್ಬರಿರಬೇಕಾಗುತ್ತದೆ. ಆ ಬೇರೊಬ್ಬರು ಯಾರು, ಅವರು ಏನನ್ನು ತಿಳಿದಿರಬೇಕು, ಅದಕ್ಕೆ ಯಾವ ದಾಖಲೆಗಳಿರಬೇಕು ಎಂಬುದನ್ನು ದೇಶದ ಕಾನೂನು ಗೊತ್ತುಪಡಿಸಿದೆ.

ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ಎರಡು ಬಗೆಯಲ್ಲಿ ಹತ್ತಿರದ್ದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮೊದಲಾದ ನಗರಗಳಲ್ಲಿ 'ಉಡುಪಿ ಹೋಟೆಲು' ಎಂಬ ಹೆಸರು ಮನೆಮಾತಾಗಿದೆ. ಕರಾವಳಿಯಿಂದ ಎಳೆಯ ವಯಸ್ಸಿನಲ್ಲೇ ಹೊರಟು, ಲೋಟ ತೊಳೆಯುವ ಕೆಲಸದಿಂದ ಆರಂಭಿಸಿ, ಮಾಣಿಯಾಗಿ, ಗಲ್ಲಾದ ಮೇಲೆ ಕುಳಿತು, ಕಡೆಗೆ ಮಾಲೀಕರೇ ಆದವರು ಈ ನಗರಗಳಲ್ಲಿ ಅನೇಕರು. ಹಾಗೆಯೇ ಮನೆಯಿಂದ ದೂರವಿದ್ದು ದಿನದ ಒಂದೆರಡು ಹೊತ್ತನ್ನಾದರೂ ಹೋಟೆಲಿನಲ್ಲೇ ಕಳೆಯುವ ಕನ್ನಡಿಗರೂ ಕಡಿಮೆಯಿಲ್ಲ. ಬಡಿಸುವವರಿಗೂ ಉಣ್ಣುವವರಿಗೂ ಪ್ರಯೋಜನವಾಗಲೆಂದು ಈ ವಿವರಗಳನ್ನು ಇಲ್ಲಿ ಕೊಡಲಾಗಿದೆ.

ಕಾನೂನು ನಡೆದುಬಂದ ದಾರಿ

ಸ್ವಾತಂತ್ರ್ಯಾನಂತರ ಆಹಾರದ ವಿಷಯದಲ್ಲಿ ರೂಪುಗೊಂಡ ಮುಖ್ಯ ಕೇಂದ್ರ ಶಾಸನವೆಂದರೆ 1954ರ ಆಹಾರ ಕಲಬೆರಕೆ ತಡೆ ಕಾಯಿದೆ. ಹೆಸರೇ ಸೂಚಿಸುವಂತೆ ಅದರ ಗಮನವಿದ್ದುದು ಕಲಬೆರಕೆಯ ಕಡೆಗೆ. ಹಾಲಿಗೆ ನೀರು, ಮೆಣಸಿನ ಪುಡಿಗೆ ಇಟ್ಟಿಗೆಯ ಪುಡಿ, ತುಪ್ಪಕ್ಕೆ ಅಗ್ಗದ ಕೊಬ್ಬು ಸೇರಿಸುವವರನ್ನು ಹಿಡಿದು ಶಿಕ್ಷಿಸುವುದು ಅದರ ಉದ್ದೇಶವಾಗಿತ್ತು. ಮಾದರಿಯನ್ನು ಸಂಗ್ರಹಿಸಿ, ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ತಪ್ಪು ಕಂಡುಬಂದರೆ ಮೊಕದ್ದಮೆ ಹೂಡಲಾಗುತ್ತಿತ್ತು.

ಆದರೆ ಕಲಬೆರಕೆಯಿಲ್ಲದ ಆಹಾರವೂ ಕಾಯಿಲೆಯನ್ನು ತರಬಲ್ಲದು. ಒಳ್ಳೆಯ ತೆಂಗಿನಕಾಯಿ, ಒಳ್ಳೆಯ ಹುರಿಗಡಲೆ, ತಾಜಾ ಹಸಿಮೆಣಸಿನಕಾಯಿಗಳಿಂದಲೇ ಮಾಡಿದ ಚಟ್ನಿಯು ತೊಳೆಯದ ಕೈಯಿಂದಲೋ ಅಶುದ್ಧ ನೀರಿನಿಂದಲೋ ಕೆಡಬಹುದು. ಈ ಅಪಾಯವನ್ನು ತಡೆಯಲು ಆಹಾರ ತಯಾರಾಗುವ ವಿಧಾನವನ್ನೇ ನೋಡಿಕೊಳ್ಳಬೇಕು. ಈ ದೃಷ್ಟಿಯಿಂದ ಸಂಸತ್ತು 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯನ್ನು ಅಂಗೀಕರಿಸಿತು. ಅದರ ಮೇರೆಗೆ 2008ರಲ್ಲಿ ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಅಧೀನದಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಸ್ಥಾಪನೆಯಾಯಿತು. ಸಾರ್ವಜನಿಕರು ಇದನ್ನು ಎಫ್‌ಎಸ್‌ಎಸ್‌ಎಐ ಎಂಬ ಹ್ರಸ್ವ ಹೆಸರಿನಿಂದ ಬಲ್ಲರು. ಪರವಾನಗಿ ಮತ್ತು ನೋಂದಣಿಗೆ ಸಂಬಂಧಿಸಿದ ನಿಯಮಾವಳಿಯು 2011ರ ಆಗಸ್ಟ್ 5ರಿಂದ ಜಾರಿಗೆ ಬಂದಿತು.

ಕಾಯಿದೆ ಕೇಂದ್ರದ್ದಾದರೂ ಅದನ್ನು ಜಾರಿಗೆ ಕೊಡುವ ಕೆಲಸ ಬಹುಮಟ್ಟಿಗೆ ರಾಜ್ಯಗಳದು. ಮುಂಬಯಿ ಮತ್ತು ಪುಣೆಯ ಹೋಟೆಲಿಗರು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತದೊಂದಿಗೂ, ಚೆನ್ನೈಯವರು ತಮಿಳುನಾಡಿನ ಆಹಾರ ಸುರಕ್ಷತೆ ಮತ್ತು ಔಷಧ ಆಡಳಿತ ಇಲಾಖೆಯೊಂದಿಗೂ, ದೆಹಲಿಯವರು ಅಲ್ಲಿಯ ಆಹಾರ ಸುರಕ್ಷತಾ ಇಲಾಖೆಯೊಂದಿಗೂ ವ್ಯವಹರಿಸಬೇಕಾಗುತ್ತದೆ. ಕಚೇರಿಗಳು ಬೇರೆಯಾದರೂ ಮೂಲ ನಿಯಮಗಳು ಎಲ್ಲೆಡೆಯೂ ಒಂದೇ.

ಮೂರು ದಾಖಲೆಗಳು

ಹೋಟೆಲು ನಡೆಸುವವರಲ್ಲಿಯೂ 'ನಮ್ಮಲ್ಲಿ ಸರ್ಟಿಫಿಕೇಟು ಇದೆ' ಎಂಬ ಮಾತು ಸಾಮಾನ್ಯ. ಯಾವ ಸರ್ಟಿಫಿಕೇಟು ಎಂದು ಕೇಳಿದರೆ ಉತ್ತರ ಸ್ಪಷ್ಟವಾಗಿರುವುದಿಲ್ಲ. ವಾಸ್ತವವಾಗಿ ಇಲ್ಲಿ ಮೂರು ಬೇರೆ ಬೇರೆ ದಾಖಲೆಗಳಿವೆ.

ಮೊದಲನೆಯದು ಸಂಸ್ಥೆಗೆ ಸಂಬಂಧಿಸಿದ ಪರವಾನಗಿ ಅಥವಾ ನೋಂದಣಿ ಪತ್ರ. ಎರಡನೆಯದು ಆಹಾರವನ್ನು ಮುಟ್ಟುವ ಪ್ರತಿಯೊಬ್ಬ ಕಾರ್ಮಿಕನ ದೇಹಾರೋಗ್ಯಕ್ಕೆ ಸಂಬಂಧಿಸಿದ ವೈದ್ಯಕೀಯ ಪ್ರಮಾಣಪತ್ರ. ಮೂರನೆಯದು ತರಬೇತಿ ಪಡೆದ ಮೇಲ್ವಿಚಾರಕನಿಗೆ ನೀಡುವ ತರಬೇತಿ ಪ್ರಮಾಣಪತ್ರ. ಒಂದು ಸ್ಥಳದ ಬಗೆಗೆ, ಇನ್ನೊಂದು ದೇಹದ ಬಗೆಗೆ, ಮತ್ತೊಂದು ತಿಳಿವಳಿಕೆಯ ಬಗೆಗೆ ಹೇಳುತ್ತದೆ. ಒಂದಿದ್ದ ಮಾತ್ರಕ್ಕೆ ಇನ್ನೊಂದರ ಅಗತ್ಯ ತಪ್ಪುವುದಿಲ್ಲ.

ಪರವಾನಗಿ ಮತ್ತು ನೋಂದಣಿ

ಕಾಯಿದೆಯ 31ನೆಯ ಪ್ರಕರಣದ ಪ್ರಕಾರ ಪರವಾನಗಿಯಿಲ್ಲದೆ ಯಾರೂ ಆಹಾರದ ಉದ್ಯಮವನ್ನು ಆರಂಭಿಸುವಂತಿಲ್ಲ, ನಡೆಸುವಂತಿಲ್ಲ. ತೀರ ಚಿಕ್ಕ ಪ್ರಮಾಣದಲ್ಲಿ ವ್ಯಾಪಾರ ಮಾಡುವವರು, ತಳ್ಳುಗಾಡಿಯವರು ಮುಂತಾದವರಿಗೆ ಪರವಾನಗಿಯ ಬದಲು ಸರಳವಾದ ನೋಂದಣಿ ಸಾಕು. 2011ರ ನಿಯಮಾವಳಿಯು ಜಾರಿಗೆ ಬಂದಾಗ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದವರಿಗೆ ನೋಂದಣಿ, ಅದಕ್ಕಿಂತ ಹೆಚ್ಚಿನವರಿಗೆ ಪರವಾನಗಿ ಎಂದು ಗೊತ್ತುಪಡಿಸಲಾಗಿತ್ತು. ವಹಿವಾಟಿನ ಮಿತಿ, ಶುಲ್ಕ ಮತ್ತು ಅವಧಿಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಪ್ರಾಧಿಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ಅಥವಾ ಸ್ಥಳೀಯ ಕಚೇರಿಯಲ್ಲಿ ಇವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. 2020ರಲ್ಲಿ ಆರಂಭವಾದ ಫಾಸ್ಕಾಸ್ ಎಂಬ ಈ ವ್ಯವಸ್ಥೆಯ ಮೂಲಕವೇ ಅರ್ಜಿಗಳನ್ನು ಸಲ್ಲಿಸಲಾಗುತ್ತದೆ.

ಪರವಾನಗಿಗೆ 14 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಪರವಾನಗಿಯನ್ನು ಗಿರಾಕಿಗಳಿಗೆ ಎದ್ದು ಕಾಣುವ ಸ್ಥಳದಲ್ಲಿ ತೂಗುಹಾಕಬೇಕು. 2022ರ ಜನವರಿ 1ರಿಂದ ಈ ಸಂಖ್ಯೆಯನ್ನು ಬಿಲ್ಲುಗಳ ಮೇಲೆಯೂ ನಮೂದಿಸಬೇಕೆಂದು ಪ್ರಾಧಿಕಾರವು ಕಡ್ಡಾಯಗೊಳಿಸಿತು. ಒಂದೇ ಮಾಲೀಕನ ಹೋಟೆಲುಗಳು ಎರಡು ಬಡಾವಣೆಗಳಲ್ಲಿದ್ದರೆ ಪ್ರತಿಯೊಂದು ಸ್ಥಳಕ್ಕೂ ಪ್ರತ್ಯೇಕ ಪರವಾನಗಿ ಬೇಕೆಂಬುದನ್ನು ಮರೆಯಬಾರದು.

ವೈದ್ಯಕೀಯ ಪ್ರಮಾಣಪತ್ರ

ನಿಯಮಾವಳಿಯ 4ನೆಯ ಅನುಸೂಚಿಯು ಅಡುಗೆಮನೆಯ ಶುಚಿತ್ವಕ್ಕೆ ಸಂಬಂಧಿಸಿದ ಷರತ್ತುಗಳನ್ನು ವಿವರಿಸುತ್ತದೆ. ಅದರ ಒಂದು ಭಾಗ ಹೋಟೆಲು ಮತ್ತು ಊಟದ ಮನೆಗಳಿಗೇ ಮೀಸಲಾಗಿದೆ. ಅದರಂತೆ ಆಹಾರವನ್ನು ಮುಟ್ಟುವ ಪ್ರತಿಯೊಬ್ಬ ಕಾರ್ಮಿಕನನ್ನೂ ವರ್ಷಕ್ಕೊಮ್ಮೆ ನೋಂದಾಯಿತ ವೈದ್ಯರು ಪರೀಕ್ಷಿಸಬೇಕು. ಸಾಮಾನ್ಯ ದೇಹಪರೀಕ್ಷೆ, ಕಣ್ಣಿನ ಪರೀಕ್ಷೆ, ಚರ್ಮದ ಪರೀಕ್ಷೆ ಇವುಗಳ ಜೊತೆಗೆ, ಸಾಂಕ್ರಾಮಿಕ ರೋಗದ ಸಂಶಯವಿದ್ದಲ್ಲಿ ಅದನ್ನು ಖಚಿತಪಡಿಸುವ ಪರೀಕ್ಷೆಯನ್ನೂ ನಡೆಸಬೇಕು. ವಿಷಮಶೀತ ಜ್ವರದ ಗುಂಪಿಗೆ ಸೇರಿದ ರೋಗಗಳ ವಿರುದ್ಧ ಲಸಿಕೆಯನ್ನು ಕ್ರಮವಾಗಿ ಹಾಕಿಸಿರಬೇಕು. ಈ ದಾಖಲೆಗಳನ್ನು ತಪಾಸಣೆಗೆ ಬಂದ ಅಧಿಕಾರಿಗೆ ತೋರಿಸಲು ಅನುವಾಗುವಂತೆ ಹೋಟೆಲಿನಲ್ಲಿಯೇ ಇಟ್ಟಿರಬೇಕು.

'ಆಹಾರವನ್ನು ಮುಟ್ಟುವವರು' ಎಂದರೆ ಅಡುಗೆ ಭಟ್ಟರು ಮಾತ್ರವಲ್ಲ. ತರಕಾರಿ ಹೆಚ್ಚುವವನು, ಹಿಟ್ಟು ರುಬ್ಬುವವನು, ತಟ್ಟೆ ಲೋಟ ತೊಳೆಯುವವನು, ಬಡಿಸುವವನು, ಪಾರ್ಸೆಲು ಕಟ್ಟುವವನು ಇವರೆಲ್ಲರೂ ಇದರಲ್ಲಿ ಸೇರುತ್ತಾರೆ. ನಿನ್ನೆ ಊರಿನಿಂದ ಬಂದು ಇಂದು ಕೆಲಸಕ್ಕೆ ಸೇರಿದ ಹುಡುಗನೂ ಇದಕ್ಕೆ ಹೊರತಲ್ಲ.

ವಾರ್ಷಿಕ ಪರೀಕ್ಷೆಯ ಬೆಲೆ ದೊಡ್ಡದು. ಆದರೆ ಅದರ ಮಿತಿಯನ್ನೂ ಅರಿತಿರಬೇಕು. ಪರೀಕ್ಷೆಯಾದ ದಿನ ಆ ಮನುಷ್ಯ ಆರೋಗ್ಯವಂತನಾಗಿದ್ದನೆಂಬುದನ್ನು ಅದು ಹೇಳುತ್ತದೆಯೇ ಹೊರತು ಉಳಿದ 364 ದಿನಗಳ ವಿಷಯವನ್ನಲ್ಲ. ಆದುದರಿಂದಲೇ ನಿಯಮಾವಳಿಯು ಇನ್ನೊಂದು ಷರತ್ತನ್ನೂ ವಿಧಿಸಿದೆ. ಕಾಮಾಲೆ, ಭೇದಿ, ವಾಂತಿ, ಜ್ವರ, ಜ್ವರದೊಡನೆ ಗಂಟಲುನೋವು, ಕೀವುಗೂಡಿದ ಗಾಯ ಅಥವಾ ಹುಣ್ಣು, ಕಿವಿ ಕಣ್ಣು ಮೂಗುಗಳಿಂದ ಸೋರುವಿಕೆ ಇವುಗಳಲ್ಲಿ ಯಾವುದಾದರೂ ಕಂಡುಬಂದ ಕೂಡಲೆ ಕಾರ್ಮಿಕನು ಅದನ್ನು ವ್ಯವಸ್ಥಾಪಕರಿಗೆ ತಿಳಿಸಬೇಕು. ವ್ಯವಸ್ಥಾಪಕರು ಅವನನ್ನು ಆಹಾರದ ಕೆಲಸದಿಂದ ದೂರವಿರಿಸಬೇಕು. ಎಲ್ಲ ನಿಯಮಗಳಲ್ಲಿಯೂ ಇದೇ ಮುಖ್ಯವಾದುದು. ಪಾಲಿಸಲು ಕಷ್ಟವಾದುದೂ ಇದೇ.

ಒಬ್ಬ ಅಡುಗೆಯವಳ ಉದಾಹರಣೆ

ಈ ಕಷ್ಟ ಎಲ್ಲಿದೆ ಎಂಬುದನ್ನು ನ್ಯೂಯಾರ್ಕಿನ ಮೇರಿ ಮ್ಯಾಲನ್ ಎಂಬ ಅಡುಗೆಯವಳ ಕಥೆ ತೋರಿಸಿಕೊಡುತ್ತದೆ. ಐರ್ಲೆಂಡಿನಿಂದ ವಲಸೆ ಬಂದ ಈಕೆ ಶ್ರೀಮಂತರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. 1906ರಲ್ಲಿ ಆಕೆ ಕೆಲಸಕ್ಕಿದ್ದ ಮನೆಯೊಂದರಲ್ಲಿ 11 ಮಂದಿಯ ಪೈಕಿ 6 ಮಂದಿಗೆ ವಿಷಮಶೀತ ಜ್ವರ ಬಂದಿತು. ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ತಜ್ಞರು ಶೋಧಿಸಿದಾಗ ಆಕೆ ಹಿಂದೆ ಕೆಲಸ ಮಾಡಿದ್ದ ಮನೆಗಳಲ್ಲಿಯೂ ಅದೇ ರೋಗ ಕಾಣಿಸಿಕೊಂಡಿದ್ದುದು ಗೊತ್ತಾಯಿತು. ಆದರೆ ಆಕೆ ಗಟ್ಟಿಮುಟ್ಟಾಗಿದ್ದಳು. ರೋಗದ ಯಾವ ಲಕ್ಷಣವೂ ಇಲ್ಲದೆ ರೋಗಾಣುಗಳನ್ನು ದೇಹದಲ್ಲಿ ಹೊತ್ತಿರುವವರು ಇರುತ್ತಾರೆಂಬುದು ಇದರಿಂದ ಜನಸಾಮಾನ್ಯರಿಗೂ ತಿಳಿಯುವಂತಾಯಿತು.

1907ರಲ್ಲಿ ಆಕೆಯನ್ನು ಪ್ರತ್ಯೇಕವಾಗಿರಿಸಲಾಯಿತು. ಇನ್ನು ಮುಂದೆ ಅಡುಗೆ ಮಾಡುವುದಿಲ್ಲವೆಂಬ ಮಾತಿನ ಮೇಲೆ 1910ರಲ್ಲಿ ಬಿಡುಗಡೆ ದೊರೆಯಿತು. ಆಕೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಅದರಲ್ಲಿ ಅಡುಗೆಯಷ್ಟು ಸಂಪಾದನೆ ಇರಲಿಲ್ಲ. ಕಡೆಗೆ ಬೇರೊಂದು ಹೆಸರಿಟ್ಟುಕೊಂಡು ಮತ್ತೆ ಅಡುಗೆಮನೆಯನ್ನೇ ಸೇರಿದಳು. 1915ರಲ್ಲಿ ಆಕೆ ಅಡುಗೆ ಮಾಡುತ್ತಿದ್ದ ಹೆರಿಗೆ ಆಸ್ಪತ್ರೆಯೊಂದರಲ್ಲಿ 25 ಮಂದಿ ರೋಗಕ್ಕೆ ತುತ್ತಾದರು. ಅವರಲ್ಲಿ ಇಬ್ಬರು ತೀರಿಕೊಂಡರು. ಆಕೆಯನ್ನು ಪುನಃ ಪ್ರತ್ಯೇಕವಾಗಿರಿಸಲಾಯಿತು. 1938ರಲ್ಲಿ ಸಾಯುವವರೆಗೂ ಆಕೆ ಹಾಗೆಯೇ ಇದ್ದಳು.

ಈ ಕಥೆಯಿಂದ ಕಲಿಯಬೇಕಾದ ಪಾಠ ಎರಡು. ನೋಡಲು ಆರೋಗ್ಯವಾಗಿರುವವರ ಕೈಗಳನ್ನೂ ತೊಳೆಸಲೇಬೇಕು ಎಂಬುದು ಒಂದು. ಕೆಲಸ ಮಾಡಬೇಡವೆಂದು ಹೇಳಿ ಹೊಟ್ಟೆಪಾಡಿಗೆ ದಾರಿ ತೋರಿಸದಿದ್ದರೆ ಮನುಷ್ಯ ತನ್ನ ರೋಗವನ್ನು ಮುಚ್ಚಿಡುತ್ತಾನೆ ಎಂಬುದು ಇನ್ನೊಂದು.

ಬೇನೆಯ ದಿನದ ಕೂಲಿ

ನಗರದ ಒಂದು ಸಾಧಾರಣ ಹೋಟೆಲನ್ನು ಕಲ್ಪಿಸಿಕೊಳ್ಳಬಹುದು. ಬೆಳಗಿನ ಐದು ಗಂಟೆಗೆ ಕೆಲಸ ಆರಂಭವಾಗುತ್ತದೆ. ಚಟ್ನಿ ರುಬ್ಬುವ ಹುಡುಗನಿಗೆ ರಾತ್ರಿಯಿಂದ ಭೇದಿಯಾಗುತ್ತಿದೆ. ಹೇಳಿದರೆ ಆ ದಿನದ ಸಂಬಳ ಹೋಗಬಹುದು, ಕೆಲಸವೇ ಹೋಗಲೂಬಹುದು. ಮಲಗುವ ಜಾಗವೂ ಹೋಟೆಲಿನ ಮಾಳಿಗೆಯೇ ಆಗಿದ್ದರೆ ಅದಕ್ಕೂ ಸಂಚಕಾರ. ಹುಡುಗ ಬಾಯಿ ಬಿಡದೆ ಗ್ರೈಂಡರಿನ ಮುಂದೆ ನಿಲ್ಲುತ್ತಾನೆ. ಗೋಡೆಯ ಮೇಲೆ ಪರವಾನಗಿ ತೂಗುತ್ತಿದೆ; ಕಡತದಲ್ಲಿ ಅವನ ವೈದ್ಯಕೀಯ ಪ್ರಮಾಣಪತ್ರವಿದೆ; ಗಲ್ಲಾದ ಹಿಂದೆ ಮೇಲ್ವಿಚಾರಕನ ತರಬೇತಿ ಪತ್ರಕ್ಕೆ ಕಟ್ಟು ಹಾಕಿಸಲಾಗಿದೆ. ಮೂರು ದಾಖಲೆಗಳೂ ಸರಿಯಾಗಿವೆ. ಆದರೂ ಅಂದು ಆ ಹೋಟೆಲಿನ ಚಟ್ನಿ ಸುರಕ್ಷಿತವಲ್ಲ.

ಆದುದರಿಂದ ಬೇನೆಯನ್ನು ಹೇಳಿಕೊಂಡವನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು ಆಹಾರ ಸುರಕ್ಷತೆಯ ಒಂದು ಅಂಗವೆಂದೇ ವ್ಯವಸ್ಥಾಪಕರು ಭಾವಿಸಬೇಕು. ನೌಕರರ ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಗೆ ಒಳಪಟ್ಟ ಕಾರ್ಮಿಕರಿಗೆ, ಗೊತ್ತಾದ ಅವಧಿಯ ವಂತಿಗೆ ಸಂದಾಯವಾಗಿದ್ದಲ್ಲಿ, ಅನಾರೋಗ್ಯದ ಕಾಲದಲ್ಲಿ ಸಂಬಳದ ಶೇಕಡ 70ರಷ್ಟನ್ನು ವರ್ಷದಲ್ಲಿ 91 ದಿನಗಳವರೆಗೆ ನೀಡುವ ಸೌಲಭ್ಯವಿದೆ. ಆದರೆ ಆ ಯೋಜನೆಗೆ ತಳಹದಿಯಾದ 1948ರ ಕಾಯಿದೆಯು ಬೇನೆಯ ಮೊದಲ ಎರಡು ದಿನಗಳನ್ನು ಸಾಮಾನ್ಯವಾಗಿ ಈ ಸೌಲಭ್ಯದಿಂದ ಹೊರಗಿರಿಸಿತ್ತು. ಭೇದಿ, ವಾಂತಿಗಳು ಹೆಚ್ಚಾಗಿ ಆ ಒಂದೆರಡು ದಿನಗಳ ಕಾಯಿಲೆಗಳೇ. ಆ ದಿನಗಳ ಸಂಬಳವನ್ನು ಮಾಲೀಕರೇ ಭರಿಸಿದರೆ ತಗಲುವ ಖರ್ಚು ಅಲ್ಪ. ಭೇದಿಯಾದವನನ್ನು ಗುಣವಾಗುವವರೆಗೆ, ಲಕ್ಷಣಗಳು ನಿಂತ ಮೇಲೂ ವೈದ್ಯರು ಹೇಳುವವರೆಗೆ, ಅಡುಗೆಮನೆಗೆ ಬಿಡಬಾರದು. ಬೆರಳು ಕೊಯ್ದುಕೊಂಡವನಿಗೆ ನೀರು ಹೋಗದ ಪಟ್ಟಿ ಕಟ್ಟಿಸಿ, ಗಾಯ ಕೀವುಗೂಡಿದ್ದರೆ ಆಹಾರಕ್ಕೆ ಸಂಬಂಧಿಸದ ಬೇರೆ ಕೆಲಸ ಕೊಡಬೇಕು.

ತರಬೇತಿ ಪ್ರಮಾಣಪತ್ರ

ಆಹಾರದ ಉದ್ಯಮದಲ್ಲಿ ತೊಡಗಿರುವವರಿಗೂ ತೊಡಗಲಿರುವವರಿಗೂ ತರಬೇತಿ ಒದಗಿಸುವುದು ಪ್ರಾಧಿಕಾರದ ಕರ್ತವ್ಯಗಳಲ್ಲೊಂದೆಂದು ಕಾಯಿದೆಯ 16ನೆಯ ಪ್ರಕರಣ ಹೇಳುತ್ತದೆ. ಇದರಂತೆ 2017ರಲ್ಲಿ ಫಾಸ್ಟ್ಯಾಕ್ ಎಂಬ ಹೆಸರಿನ ತರಬೇತಿ ಮತ್ತು ಪ್ರಮಾಣೀಕರಣ ಕಾರ್ಯಕ್ರಮವನ್ನು ಆರಂಭಿಸಲಾಯಿತು. ಪರವಾನಗಿ ಪಡೆದ ಸಂಸ್ಥೆಯು ಪ್ರತಿ ಸ್ಥಳದಲ್ಲಿಯೂ, ಆಹಾರವನ್ನು ಮುಟ್ಟುವ ಪ್ರತಿ 25 ಮಂದಿಗೆ ಅಥವಾ ಅದರ ಭಾಗಕ್ಕೆ, ತರಬೇತಿ ಪಡೆದ ಒಬ್ಬ ಆಹಾರ ಸುರಕ್ಷತಾ ಮೇಲ್ವಿಚಾರಕನನ್ನಾದರೂ ಹೊಂದಿರಬೇಕು. 10 ಮಂದಿಯ ಹೋಟೆಲಿಗೆ ಒಬ್ಬ, 30 ಮಂದಿಯ ಹೋಟೆಲಿಗೆ ಇಬ್ಬರು ಎಂದು ಇದರ ಲೆಕ್ಕ. ಮೂಲ ತರಬೇತಿ, ಉನ್ನತ ತರಬೇತಿ, ವಿಶೇಷ ತರಬೇತಿ ಎಂಬ ಹಂತಗಳಿದ್ದು, ಹೋಟೆಲುಗಳಿಗೆ ಪ್ರತ್ಯೇಕ ಪಾಠಕ್ರಮವಿದೆ. ಪ್ರಾಧಿಕಾರವು ಮಾನ್ಯ ಮಾಡಿದ ತರಬೇತಿ ಸಂಸ್ಥೆಗಳು ಇದನ್ನು ನಡೆಸುತ್ತವೆ. ಕೊನೆಯಲ್ಲಿ ಪರೀಕ್ಷೆಯಿದ್ದು, ತೇರ್ಗಡೆಯಾದವರಿಗೆ ಎರಡು ವರ್ಷಗಳ ಅವಧಿಯ ಪ್ರಮಾಣಪತ್ರ ದೊರೆಯುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪ್ರಮಾಣಪತ್ರ ಒಬ್ಬನದಾದರೂ ಅವನು ಕಲಿತದ್ದು 25 ಮಂದಿಗೂ ಮುಟ್ಟಬೇಕು. ಕಲಿತವನು ಕಲಿಸದಿದ್ದರೆ ತರಬೇತಿಯ ಉದ್ದೇಶ ಅಲ್ಲಿಗೇ ನಿಲ್ಲುತ್ತದೆ. ಇದರಲ್ಲಿ ಭಾಷೆಯ ಪಾತ್ರ ದೊಡ್ಡದು. ಹಿಂದೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬಂದ ಹುಡುಗರಿಗೆ ಅವರ ಭಾಷೆಯಲ್ಲಿಯೇ ಅಕ್ಷರ ಕಲಿಸಿದವು. ಇಂದು ಉಡುಪಿ ಹೋಟೆಲೆಂಬ ಹೆಸರಿನ ಅಡುಗೆಮನೆಯಲ್ಲಿಯೂ ಒಡಿಶಾ, ಬಿಹಾರ, ಅಸ್ಸಾಂ ಮೊದಲಾದ ಕಡೆಗಳಿಂದ ಬಂದವರು ದುಡಿಯುತ್ತಿರಬಹುದು. ಕೈತೊಳೆಯುವ ಜಾಗದಲ್ಲಿ ಅಂಟಿಸಿದ ಸೂಚನೆ ಅವರಿಗೆ ಓದಲು ಬಾರದ ಲಿಪಿಯಲ್ಲಿದ್ದರೆ ಅದರಿಂದ ಪ್ರಯೋಜನವಿಲ್ಲ. ಅವರ ಭಾಷೆಯಲ್ಲಿ ಹೇಳಬೇಕು, ಚಿತ್ರ ಬರೆಸಬೇಕು, ಎಲ್ಲಕ್ಕಿಂತ ಮಿಗಿಲಾಗಿ ಮಾಡಿ ತೋರಿಸಬೇಕು.

ತರಬೇತಿಯಲ್ಲಿ ಕಲಿಯುವುದೇನು?

ಕೈಗಳು: ಶೌಚಾಲಯಕ್ಕೆ ಹೋಗಿಬಂದ ಮೇಲೆ, ಹಸಿ ಮಾಂಸ ಅಥವಾ ಮೊಟ್ಟೆ ಮುಟ್ಟಿದ ಮೇಲೆ, ಕಸ ತೆಗೆದ ಮೇಲೆ, ಹಣ ಎಣಿಸಿದ ಮೇಲೆ, ಸೀನಿದ ಮೇಲೆ ಸಾಬೂನು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಿ ತೊಳೆಯಬೇಕು. ಉಗುರು ಕತ್ತರಿಸಿರಬೇಕು, ಉಂಗುರ, ಕೈಗಡಿಯಾರ ತೆಗೆದಿಡಬೇಕು. ಕೈಚೀಲ ತೊಟ್ಟ ಕೈಯಿಂದಲೇ ನೋಟು ಎಣಿಸಿ ಮತ್ತೆ ವಡೆ ತೆಗೆದುಕೊಟ್ಟರೆ ಕೈಚೀಲ ತೊಟ್ಟೂ ವ್ಯರ್ಥ.

ಉಷ್ಣತೆ: ರೋಗಾಣುಗಳು ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ವೃದ್ಧಿಯಾಗುತ್ತವೆ; ಅನುಕೂಲ ಪರಿಸ್ಥಿತಿಯಲ್ಲಿ ಕೆಲವು ಬಗೆಯವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಆದುದರಿಂದ ಬಿಸಿಯಾಗಿ ಬಡಿಸುವುದನ್ನು 60 ಡಿಗ್ರಿಗಿಂತ ಮೇಲೆಯೂ, ತಣ್ಣಗಿಡುವುದನ್ನು 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೂ ಇರಿಸಬೇಕು. ಮತ್ತೆ ಬಿಸಿಮಾಡುವಾಗ ಪದಾರ್ಥದ ನಡುಭಾಗವೂ 75 ಡಿಗ್ರಿ ಮುಟ್ಟಬೇಕು. ಇದನ್ನು ಬೆರಳಿನಿಂದಲ್ಲ, ಉಷ್ಣಮಾಪಕದಿಂದ ನೋಡಬೇಕು.

ಅನ್ನ: ಮಧ್ಯಾಹ್ನದ ಅನ್ನವನ್ನು ಹಾಗೆಯೇ ಬಿಟ್ಟು ಸಂಜೆ ಚಿತ್ರಾನ್ನ ಮಾಡುವ ರೂಢಿ ಕೆಲವೆಡೆ ಇದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ಉಂಟುಮಾಡುವ, ವಾಂತಿ ತರಿಸುವ ವಿಷವು ಒಗ್ಗರಣೆಯ ಬಿಸಿಗೂ ನಾಶವಾಗುವುದಿಲ್ಲ. ಉಳಿದ ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ಹರಡಿ ಬೇಗ ಆರಿಸಿ ಶೀತಕಪಾಟಿನಲ್ಲಿ ಇಡಬೇಕು, ಇಲ್ಲವಾದರೆ ಬಿಟ್ಟುಬಿಡಬೇಕು. ಕೀವುಗೂಡಿದ ಗಾಯದಲ್ಲಿರುವ ಸ್ಟೆಫಿಲೋಕಾಕಸ್ ಸೂಕ್ಷ್ಮಾಣುವಿನ ವಿಷವೂ ಹೀಗೆಯೇ ಬಿಸಿಗೆ ಬಗ್ಗದು. 'ಕುದಿಸಿದರೆ ಎಲ್ಲ ಸರಿಹೋಗುತ್ತದೆ' ಎಂಬ ನಂಬಿಕೆ ತಪ್ಪೆಂಬುದು ಇದರಿಂದ ತಿಳಿಯುತ್ತದೆ.

ಚಟ್ನಿ: ಇಡ್ಲಿ ಹಬೆಯಲ್ಲಿ ಬೇಯುತ್ತದೆ, ದೋಸೆ ಕಾದ ಕಾವಲಿಯ ಮೇಲೆ ಬೇಯುತ್ತದೆ. ಕಾಯಿಚಟ್ನಿ ರುಬ್ಬಿದ ಮೇಲೆ ಬೇಯುವುದಿಲ್ಲ. ಅದಕ್ಕೆ ಬಳಸುವ ನೀರು ಕುಡಿಯಲು ಯೋಗ್ಯವಾದುದೇ ಆಗಿರಬೇಕು. ಬೆಳಗ್ಗೆ ಒಂದೇ ಬಾರಿ ರುಬ್ಬಿ ದಿನವೆಲ್ಲ ಇಡುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ರುಬ್ಬುವುದು ಲೇಸು. ಹಳೆಯ ಚಟ್ನಿಗೆ ಹೊಸದನ್ನು ಬೆರೆಸಬಾರದು.

ಎಣ್ಣೆ ಮತ್ತು ಕಾಗದ: ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹಾನಿಕರ ಪದಾರ್ಥಗಳು ಹೆಚ್ಚುತ್ತವೆ. ಇದನ್ನು ಅಳೆಯಲು ಬಳಸುವ ಒಟ್ಟು ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇಕಡ 25ನ್ನು ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಗೆ ಬಂದಿತು. ವೃತ್ತಪತ್ರಿಕೆಯ ಮಸಿಯಲ್ಲಿ ದೇಹಕ್ಕೆ ಹಾನಿಕರವಾದ ರಾಸಾಯನಿಕಗಳಿರುವುದರಿಂದ, ಬಜ್ಜಿ ವಡೆಗಳನ್ನು ಅದರಲ್ಲಿ ಕಟ್ಟಿಕೊಡುವುದನ್ನು 2018ರ ಪ್ಯಾಕೇಜಿಂಗ್ ನಿಯಮಾವಳಿಯು ನಿಷೇಧಿಸಿದೆ.

ವ್ಯವಸ್ಥಾಪಕರ ಕಾನೂನುಬದ್ಧ ಹೊಣೆ

ಹಲವು ಶಾಖೆಗಳಿರುವ ಕಂಪನಿಯು ಪ್ರತಿಯೊಂದು ಶಾಖೆಗೂ ಆಹಾರ ಸುರಕ್ಷತೆಯ ಹೊಣೆ ಹೊತ್ತ ವ್ಯಕ್ತಿಯನ್ನು ನಾಮಕರಣ ಮಾಡಬಹುದು. ಹಾಗೆ ಮಾಡಿದ್ದಲ್ಲಿ ಆ ಶಾಖೆಯಲ್ಲಿ ನಡೆದ ತಪ್ಪಿಗೆ ಅವನೇ ಉತ್ತರವಾದಿಯಾಗುತ್ತಾನೆಂದು 66ನೆಯ ಪ್ರಕರಣ ಹೇಳುತ್ತದೆ. ಸಾಮಾನ್ಯವಾಗಿ ಈ ಹೊಣೆ ಬೀಳುವುದು ವ್ಯವಸ್ಥಾಪಕರ ಮೇಲೆ. ಆದುದರಿಂದ ನಾಮಕರಣ ಪತ್ರಕ್ಕೆ ಸಹಿ ಹಾಕುವವರು ಅದನ್ನು ಓದಿ ಅರ್ಥಮಾಡಿಕೊಳ್ಳಬೇಕು. ಹೊಣೆಯ ಜೊತೆಗೆ ಅಧಿಕಾರವೂ ತಮಗಿದೆಯೇ, ಅಂದರೆ ಕೆಟ್ಟ ಪದಾರ್ಥವನ್ನು ಎಸೆಯಲು, ಬೇನೆಯವನನ್ನು ಸಂಬಳಸಹಿತ ಮನೆಗೆ ಕಳುಹಿಸಲು ತಮಗೆ ಅವಕಾಶವಿದೆಯೇ ಎಂಬುದನ್ನೂ ಮಾಲೀಕರಿಂದ ಖಚಿತಪಡಿಸಿಕೊಳ್ಳಬೇಕು.

ಆಹಾರ ಸುರಕ್ಷತಾ ಅಧಿಕಾರಿಯು ಅಡುಗೆಮನೆಯನ್ನು ಪ್ರವೇಶಿಸಿ ತಪಾಸಣೆ ನಡೆಸಬಹುದು, ಮಾದರಿಗಳನ್ನು ಸಂಗ್ರಹಿಸಬಹುದು. ಕೊರತೆಗಳು ಕಂಡುಬಂದರೆ 32ನೆಯ ಪ್ರಕರಣದ ಮೇರೆಗೆ ಸುಧಾರಣಾ ನೋಟೀಸು ಜಾರಿಯಾಗುತ್ತದೆ. ಸರಿಪಡಿಸಿಕೊಳ್ಳಲು 14 ದಿನಗಳಿಗೆ ಕಡಿಮೆಯಿಲ್ಲದ ಕಾಲಾವಕಾಶವಿರುತ್ತದೆ. ಅದನ್ನು ಪಾಲಿಸದಿದ್ದರೆ ಪರವಾನಗಿಯನ್ನು ಅಮಾನತುಗೊಳಿಸಬಹುದು, ಬಳಿಕ ರದ್ದುಪಡಿಸಬಹುದು. ಆಹಾರ ಸೇವನೆಯಿಂದ ಗಿರಾಕಿಯು ಮರಣಹೊಂದಿದಲ್ಲಿ 5 ಲಕ್ಷ ರೂಪಾಯಿಗಳಿಗೆ ಕಡಿಮೆಯಿಲ್ಲದಂತೆ ಪರಿಹಾರ ಕೊಡಿಸಲು 2006ರ ಕಾಯಿದೆಯ 65ನೆಯ ಪ್ರಕರಣವು ಅವಕಾಶ ಕಲ್ಪಿಸಿದೆ. ಆದರೆ ಹೋದ ಜೀವವನ್ನು ಯಾವ ಪರಿಹಾರವೂ ಹಿಂದಕ್ಕೆ ತರಲಾರದೆಂಬುದನ್ನು ಹೇಳಬೇಕಾಗಿಲ್ಲ.

ಗಿರಾಕಿಗಳು ಮಾಡಬಹುದಾದುದು

ಗಿರಾಕಿಗಳು ಪರವಾನಗಿಯ 14 ಅಂಕಿಗಳ ಸಂಖ್ಯೆಯನ್ನು ಬಿಲ್ಲಿನಲ್ಲಿಯೋ ಗೋಡೆಯ ಮೇಲೆಯೋ ನೋಡುವ ರೂಢಿಯಿಟ್ಟುಕೊಳ್ಳಬೇಕು. ದೂರಿದ್ದಲ್ಲಿ ರಾಜ್ಯದ ಆಹಾರ ಸುರಕ್ಷತಾ ಕಚೇರಿಗೆ ಅಥವಾ ಪ್ರಾಧಿಕಾರದ ಫುಡ್ ಸೇಫ್ಟಿ ಕನೆಕ್ಟ್ ಎಂಬ ಮೊಬೈಲ್ ಆ್ಯಪ್ ಮೂಲಕ ತಿಳಿಸಬಹುದು. ದೂರಿನಲ್ಲಿ ಹೋಟೆಲಿನ ಹೆಸರು, ದಿನಾಂಕ, ಹೊತ್ತು, ತಿಂದ ಪದಾರ್ಥ ಇವುಗಳನ್ನು ನಮೂದಿಸಿ ಬಿಲ್ಲನ್ನು ಜೋಪಾನವಾಗಿರಿಸಬೇಕು. ಕೊಂಡ ಆಹಾರವನ್ನು ಶುಲ್ಕ ಸಲ್ಲಿಸಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು 40ನೆಯ ಪ್ರಕರಣದಂತೆ ಗಿರಾಕಿಗೂ ಇದೆ. ಜೊತೆಗೆ ಇನ್ನೊಂದು ಮಾತು: ಮಾಣಿಗೆ ಮೈ ಸರಿಯಿಲ್ಲವೆಂದು ಬಡಿಸುವುದು ತಡವಾದರೆ ಸಿಡುಕದೆ ತಾಳಿಕೊಳ್ಳುವುದೂ ಗಿರಾಕಿಯ ಪಾಲಿನ ಸಹಕಾರವೇ.

ಪ್ರತಿದಿನದ ಒಂದು ಪ್ರಶ್ನೆ

ಪರವಾನಗಿಯನ್ನು ನವೀಕೃತವಾಗಿರಿಸುವುದು, ವರ್ಷಕ್ಕೊಮ್ಮೆ ವೈದ್ಯರಲ್ಲಿಗೆ ಕಳುಹಿಸುವುದು, ಎರಡು ವರ್ಷಕ್ಕೊಮ್ಮೆ ತರಬೇತಿಯನ್ನು ಪುನಃ ಪಡೆಯುವುದು ಇವೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಮಾಡಬಹುದಾದ ಕೆಲಸಗಳು. ಪ್ರತಿದಿನ ಮಾಡಬೇಕಾದುದು ಒಂದಿದೆ. ಬೆಳಗ್ಗೆ ಒಲೆ ಹೊತ್ತಿಸುವ ಮುನ್ನ ವ್ಯವಸ್ಥಾಪಕರು ಪ್ರತಿಯೊಬ್ಬನನ್ನೂ 'ಏನಪ್ಪಾ, ಮೈಗೆ ಹುಷಾರಿದೆಯೇ?' ಎಂದು ಕೇಳಬೇಕು. 'ಇಲ್ಲ' ಎಂಬ ಉತ್ತರವನ್ನು ಹೆದರದೆ ಹೇಳಲು ಅವನಿಗೆ ಸಾಧ್ಯವಾಗಬೇಕು. ಆ ಉತ್ತರ ಸಲೀಸಾಗಿ ಹೊರಬರುವ ಅಡುಗೆಮನೆಯಲ್ಲಿ ಗೋಡೆಯ ಮೇಲಿನ ಪ್ರಮಾಣಪತ್ರಗಳು ನಿಜವನ್ನೇ ಹೇಳುತ್ತವೆ. ಅಲ್ಲಿ ಉಂಡು ಏಳುವವನು ತಾನು ಕಾಣದ ಕೈಗಳನ್ನು ನಂಬಬಹುದು.